ಕೇರಿಯವರನ್ನು ಕೇಳಿ ಗೆರೆ ಎಳೆಯುವುದು

2024ರ ಅಕ್ಟೋಬರ್ ತಿಂಗಳ ನಡುವಿನಲ್ಲಿ ಚೆನ್ನೈಗೆ ಭಾರಿ ಮಳೆಯಾಗುವುದೆಂದು ಹವಾಮಾನ ಇಲಾಖೆಯವರು ಎಚ್ಚರಿಕೆ ಕೊಟ್ಟೊಡನೆ ವೇಲಚೇರಿಯ ಜನ ಮಾಡಿದ ಮೊದಲ ಕೆಲಸವೇನೆಂಬುದನ್ನು ನಮ್ಮ ವಾಚಕರು ಮರೆತಿರಲಾರರು. ಹಾಲು, ಬ್ರೆಡ್ಡು, ಮೇಣದ ಬತ್ತಿ ಕೊಳ್ಳುವುದಕ್ಕೂ ಮುಂಚೆ ಅವರು ತಮ್ಮ ಕಾರುಗಳನ್ನು ಮನೆಯಿಂದ ಹೊರತೆಗೆದು ಮೇಲ್ಸೇತುವೆಯ ಮೇಲೆ ಸಾಲಾಗಿ ನಿಲ್ಲಿಸಿ ಬಂದರು. ಆ ಸಾಲಿನ ಚಿತ್ರ ದೇಶದ ಪತ್ರಿಕೆಗಳಲ್ಲೆಲ್ಲ ಅಚ್ಚಾಯಿತು. ಪೋಲೀಸರು ದಂಡ ಹಾಕುತ್ತಿದ್ದಾರೆಂಬ ಸುದ್ದಿ ಹಬ್ಬಿ, ಹಾಗೇನೂ ಹಾಕಿಲ್ಲವೆಂದು ಅವರೇ ತಿಳಿಸಬೇಕಾಯಿತು. ದೂರದ ಊರಿನವರು ಇದನ್ನು ಕಂಡು ನಕ್ಕಿರಬಹುದು. 2015ರ ಡಿಸೆಂಬರಿನಲ್ಲಿ ದೋಣಿಯಲ್ಲಿ ಕುಳಿತು ಮನೆ ಬಿಟ್ಟವರಿಗೆ, 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತದ ನೀರನ್ನು ಮತ್ತೊಮ್ಮೆ ಹೊಸ್ತಿಲೊಳಗೆ ಕಂಡವರಿಗೆ ನಗು ಬರಲಿಲ್ಲ.

ಆ ಸೇತುವೆಗೆ ಯಾವ ನಕ್ಷೆಯಲ್ಲಿಯೂ ‘ಕಾರುಗಳ ಆಶ್ರಯಸ್ಥಾನ’ ಎಂಬ ಹೆಸರಿಲ್ಲ. ಎಂಜಿನಿಯರುಗಳು ಅದನ್ನು ಕಟ್ಟಿದ್ದು ಬೇರೆ ಉದ್ದೇಶಕ್ಕೆ. ಈ ಹೊಸ ಉಪಯೋಗವನ್ನು ಯೋಜಿಸಿದವರು ಇಲ್ಲಿನ ನಿವಾಸಿಗಳೇ. ಯಾವ ಬೀದಿಯಲ್ಲಿ ನೀರು ಮೊದಲು ಏರುತ್ತದೆ, ಎಷ್ಟು ಗಂಟೆಯ ಮಳೆಗೆ ಎಷ್ಟು ಮೆಟ್ಟಿಲು ಮುಳುಗುತ್ತವೆ, ಯಾವ ಕಡೆಯಿಂದ ದಾರಿ ಕೊನೆಯವರೆಗೆ ತೆರೆದಿರುತ್ತದೆ ಎಂಬ ಲೆಕ್ಕವೆಲ್ಲ ಅವರ ತಲೆಯಲ್ಲಿದೆ. ನೆಲದ ಏರುತಗ್ಗನ್ನು ಇಷ್ಟು ಕರಾರುವಾಕ್ಕಾಗಿ ಬಲ್ಲ ಜನರನ್ನು, ಊರಿನ ಮುಂದಿನ ಇಪ್ಪತ್ತು ವರ್ಷಗಳ ನಕ್ಷೆ ಬರೆಯುವಾಗ ಯಾರು ಕೇಳುತ್ತಾರೆ, ಯಾವಾಗ ಕೇಳುತ್ತಾರೆ, ಕೇಳಿದರೆ ನಾವು ಹೇಳುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇವೆ.

ಮೊದಲು ಹೆಸರಿನ ಮಾತು. ತಮಿಳಿನ ‘ಚೇರಿ’ಯೂ ನಮ್ಮ ‘ಕೇರಿ’ಯೂ ಒಂದೇ ಮಾತು, ಕಿವಿ ಅವರಲ್ಲಿ ಚೆವಿಯಾದಂತೆ ಕೇರಿ ಚೇರಿಯಾಗಿದೆ. ಹೀಗೆ ನಾವು ಕನ್ನಡಿಗರು ಬಂದು ನೆಲೆಸಿರುವುದೂ ಒಂದು ಕೇರಿಯೇ. ಇನ್ನೊಂದು ಮಾತು ಮಾತ್ರ ಹೊಸಬರನ್ನು ತಬ್ಬಿಬ್ಬುಗೊಳಿಸುತ್ತದೆ. ನಮ್ಮಲ್ಲಿ ‘ಏರಿ’ ಎಂದರೆ ಕೆರೆಯ ಕಟ್ಟೆ. ಇಲ್ಲಿ ಏರಿ ಎಂದರೆ ಕೆರೆಯೇ. “ಏರಿಯ ಮೇಲೆ ಮನೆ ಕಟ್ಟಿದ್ದಾರೆ” ಎಂದು ತಮಿಳರು ಹೇಳಿದಾಗ ದಂಡೆಯ ಮೇಲಿರಬೇಕೆಂದು ನಾವು ತಿಳಿಯುತ್ತೇವೆ. ಅವರು ಹೇಳುತ್ತಿರುವುದು ಕೆರೆಯಂಗಳವನ್ನು. ವೇಲಚೇರಿಯ ಅರ್ಧ ಚರಿತ್ರೆ ಈ ಒಂದು ಮಾತಿನ ಗೊಂದಲದಲ್ಲೇ ಅಡಗಿದೆಯೆಂದರೂ ಸಲ್ಲುತ್ತದೆ.

ದಂಡೀಶ್ವರ ದೇವಸ್ಥಾನದ ಚೋಳಶಾಸನಗಳು ಸಾರುವಂತೆ ಇದು ಹಳೆಯ ಊರು. ಪಶ್ಚಿಮದ ಏರುನೆಲದಿಂದ ಬಂದ ಮಳೆನೀರು ಕೆರೆಗಳಲ್ಲಿ ತಂಗಿ, ಕೋಡಿ ಬಿದ್ದು, ಆದಂಬಾಕ್ಕಂ ಕಡೆಯಿಂದ ಬರುವ ವೀರಾಂಗಲ್ ಓಡೆಯಂಥ ಹಳ್ಳಗಳ ಮೂಲಕ ಪಳ್ಳಿಕ್ಕರಣೈ ಜೌಗಿಗೆ ಸೇರಿ, ಅಲ್ಲಿಂದ ಒಕ್ಕಿಯಂ ಮಡುವು ಎಂಬ ಕಿರಿದಾದ ಬಾಯಿಯಿಂದ ಬಕಿಂಗ್‌ಹ್ಯಾಂ ಕಾಲುವೆಗೂ ಕೋವಳಂ ಕಡೆಯ ಸಮುದ್ರಕ್ಕೂ ಹೋಗತಕ್ಕದ್ದು. ಊರು ಬೆಳೆದ ಹಾಗೆ ಈ ದಾರಿ ಇಕ್ಕಟ್ಟಾಯಿತು. ವೇಲಚೇರಿ ಕೆರೆ ಒಂದು ಕಾಲಕ್ಕೆ ಸುಮಾರು 265 ಎಕರೆಯಿದ್ದು ಈಗ 55 ಎಕರೆಯಷ್ಟು ಉಳಿದಿದೆಯೆಂದು ಪತ್ರಿಕೆಗಳು ಮೇಲಿಂದ ಮೇಲೆ ಬರೆದಿವೆ. ಇದನ್ನು ಬಡವರ ಗುಡಿಸಲುಗಳೇ ನುಂಗಿದುವೆಂದು ಹೇಳುವವರುಂಟು. ಸರಕಾರದ ವಸತಿ ಯೋಜನೆಗಳೂ ಅಗಲವಾದ ರಸ್ತೆಗಳೂ ತಮ್ಮ ಪಾಲನ್ನು ಮೊದಲೇ ತೆಗೆದುಕೊಂಡಿದ್ದುವು. ಪಳ್ಳಿಕ್ಕರಣೈ ಜೌಗಿನ ಉಳಿದ ಭಾಗದಲ್ಲಿ ಸುಮಾರು 1,248 ಹೆಕ್ಟೇರು 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು, ಅಷ್ಟರಮಟ್ಟಿಗೆ ಸಮಾಧಾನ.

ಇತ್ತ ಈ ಕೇರಿ ಪೇಟೆಯಾಯಿತು. ನಗರಕ್ಕೆ ಒಂದೇ ಪೇಟೆ ಎಂಬ ಕಾಲ ಹೋಗಿದೆ. ಚೆನ್ನೈಯ ಹಳೆಯ ನಡುಪೇಟೆ ಜಾರ್ಜ್ ಟೌನ್, ಆಮೇಲೆ ತ್ಯಾಗರಾಯನಗರ, ದಕ್ಷಿಣದವರಿಗೆ ಈಗ ವಿಜಯನಗರದ ಬಸ್ ನಿಲ್ದಾಣದ ಸುತ್ತಲಿನದೇ ಪೇಟೆ. 2007ರ ನವೆಂಬರಿನಲ್ಲಿ ಬೀಚ್ ನಿಲ್ದಾಣದಿಂದ ಮೇಲ್ಮಟ್ಟದ ರೈಲು ಇಲ್ಲಿಗೆ ಬಂದಿತು. 2013ರಲ್ಲಿ ಫೀನಿಕ್ಸ್ ಎಂಬ ದೊಡ್ಡ ಅಂಗಡಿ ಸಮುಚ್ಚಯ ತೆರೆಯಿತು. ವಿಜಯನಗರದ ಕೂಡುದಾರಿಯ ಎರಡು ಅಂತಸ್ತಿನ ಮೇಲ್ಸೇತುವೆ 2021ರಲ್ಲಿ ಒಂದು ಭಾಗವಾಗಿ, 2022ರಲ್ಲಿ ಇನ್ನೊಂದು ಭಾಗವಾಗಿ ಸಂಚಾರಕ್ಕೆ ಬಿಟ್ಟಿತು. ಇಷ್ಟಾಗಿಯೂ ರೈಲು ನಿಲ್ದಾಣ ಒಂದು ಕಡೆ, ಬಸ್ ನಿಲ್ದಾಣ ಹೆಚ್ಚು ಕಡಿಮೆ ಒಂದು ಕಿಲೋಮೀಟರು ಆಚೆ. ರೈಲಿಳಿದ ಮುದುಕರು ಕೈಚೀಲ ಹಿಡಿದು ಆಟೋದವರೊಡನೆ ಚೌಕಾಸಿ ಮಾಡುವುದು ನಿತ್ಯದ ನೋಟ. ಎರಡೂ ಒಂದೇ ಕಡೆ ಇರಲೆಂದು ಹೇಳಬಲ್ಲ ಸಾಮಾನ್ಯನನ್ನು ಯಾರಾದರೂ ಕೇಳಿದ್ದರೆ ಹೇಗಿರುತ್ತಿತ್ತೋ!

ಊರಿನ ಮುಂದಿನ ರೂಪವನ್ನು ನಿರ್ಣಯಿಸುವ ಕಾಗದಕ್ಕೆ ಮಾಸ್ಟರ್ ಪ್ಲಾನ್, ಅಂದರೆ ಮಹಾಯೋಜನೆ, ಎಂದು ಹೆಸರು. ಚೆನ್ನೈಯಲ್ಲಿ ಇದನ್ನು ಬರೆಯುವುದು ಮಹಾನಗರ ಅಭಿವೃದ್ಧಿ ಪ್ರಾಧಿಕಾರದ ಕೆಲಸ. ಮೊದಲನೆಯ ಯೋಜನೆ 1970ರ ದಶಕದ ನಡುವಿನದು. ಎರಡನೆಯದು 2008ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದು 2026ರವರೆಗಿನ ಕಾಲವನ್ನು ಕುರಿತದ್ದು. ಮೂರನೆಯದು 2026ರಿಂದ 2046ರವರೆಗಿನದು. ಅಂದರೆ ಇಂದು ಶಾಲೆಗೆ ಸೇರಿದ ಮಗು ಸಂಸಾರಸ್ಥನಾಗುವ ಹೊತ್ತಿಗೆ ವೇಲಚೇರಿ ಹೇಗಿರಬೇಕೆಂಬುದು ಆ ಕಾಗದದಲ್ಲಿರುತ್ತದೆ.

ಈ ನಕ್ಷೆಯನ್ನು ಓದುವುದು ಬ್ರಹ್ಮವಿದ್ಯೆಯೇನಲ್ಲ. ಪ್ರತಿಯೊಂದು ಸರ್ವೆ ನಂಬರಿಗೂ ಒಂದು ಉಪಯೋಗವನ್ನು ಗೊತ್ತುಮಾಡಿ ಬಣ್ಣ ಬಳಿದಿರುತ್ತಾರೆ: ಇದು ಕೇವಲ ವಸತಿಗೆ, ಇದು ವಸತಿಯೂ ಅಂಗಡಿಯೂ ಬೆರೆತದ್ದಕ್ಕೆ, ಇದು ವಾಣಿಜ್ಯಕ್ಕೆ, ಇದು ಬಯಲು ಮತ್ತು ವಿಹಾರಕ್ಕೆ, ಹೀಗೆ. ನಿಮ್ಮ ಎದುರು ಮನೆಯ ಹಿತ್ತಿಲಲ್ಲಿ ನಾಳೆ ಮದುವೆಛತ್ರ ಏಳಬಹುದೇ ಕೂಡದೇ ಎಂಬುದು ಆ ಬಣ್ಣದ ಮೇಲಿದೆ. ನಮ್ಮ ವಾಚನಾಲಯಕ್ಕೆ ದಿನವೂ ಬರುವ ಹಿರಿಯರೊಬ್ಬರು ಹಳೆಯ ನಕ್ಷೆಯ ಪ್ರತಿಯನ್ನು ಕನ್ನಡಕ ಸರಿಮಾಡಿಕೊಂಡು ನೋಡಿ, “ಏನ್ ಸ್ವಾಮಿ, ನಮ್ಮ ಮನೆಗೆ ಹಳದಿ ಬಳಿದಿದ್ದಾರೆ. 2015ರಲ್ಲಿ ನಾನು ಕಂಡಾಗ ಅದು ನೀರಿನ ಬಣ್ಣವಾಗಿತ್ತಲ್ಲ!” ಎಂದರು. ಎಲ್ಲರೂ ನಕ್ಕೆವು. ಆದರೆ ಅವರು ಹೇಳಿದ್ದು ಪಕ್ಕಾ ಆಕ್ಷೇಪಣೆ. ಅದನ್ನು ಕಾಗದದ ಮೇಲೆ ಬರೆದು ತಲುಪಿಸುವುದಷ್ಟೇ ಬಾಕಿ.

ಬಣ್ಣವಾದ ಮೇಲೆ ಎತ್ತರ. ಇದಕ್ಕೆ ಎಫ್‌ಎಸ್‌ಐ ಎಂಬ ಅಳತೆಯುಂಟು. ನಿವೇಶನದ ವಿಸ್ತೀರ್ಣದ ಎಷ್ಟರಷ್ಟು ನೆಲಗಟ್ಟನ್ನು ಎಲ್ಲ ಮಹಡಿಗಳನ್ನೂ ಕೂಡಿಸಿ ಕಟ್ಟಬಹುದೆಂಬ ಲೆಕ್ಕವದು. 2019ರ ಕಟ್ಟಡ ನಿಯಮಗಳ ಪ್ರಕಾರ ಸಾಧಾರಣ ಕಟ್ಟಡಕ್ಕೆ ಇದು 2. ಇಲ್ಲಿ ನಿವೇಶನವನ್ನು ‘ಗ್ರೌಂಡ್’ ಎಂದು ಅಳೆಯುವುದು ವಾಚಕರು ಬಲ್ಲ ವಿಷಯ. ಒಂದು ಗ್ರೌಂಡಿಗೆ 2,400 ಚದರಡಿ. ಆದ್ದರಿಂದ ಒಂದು ಗ್ರೌಂಡಿನ ಮೇಲೆ 4,800 ಚದರಡಿ ಕಟ್ಟಬಹುದು. ರಸ್ತೆ ಅಗಲವಿದ್ದರೆ ಹಣ ತೆತ್ತು ಇನ್ನಷ್ಟು ಪಡೆಯಬಹುದು. ಬಹುಮಹಡಿ ಕಟ್ಟಡಕ್ಕೆ ಅಳತೆಯೇ 3.25. ಈ ಒಂದು ಅಂಕಿ ಬದಲಾದರೆ ಬೀದಿಯ ಚರಂಡಿಗೆ ಬರುವ ನೀರು, ಗಲ್ಲಿಯಲ್ಲಿ ನಿಲ್ಲುವ ವಾಹನ, ಬೋರ್‌ವೆಲ್ಲಿನ ಆಳ, ಮನೆಬಾಡಿಗೆ ಎಲ್ಲವೂ ಬದಲಾಗುತ್ತವೆ. ಕಟ್ಟೋಣಗಾರರು ಈ ಅಂಕಿಯನ್ನು ಕಂಠಪಾಠ ಮಾಡಿರುತ್ತಾರೆ. ಬೀದಿಯವರಿಗೆ ಅದರ ಹೆಸರೂ ತಿಳಿದಿರುವುದಿಲ್ಲ.

ಜನರನ್ನು ಕೇಳಬೇಕೆಂಬುದು ಔದಾರ್ಯದ ಮಾತಲ್ಲ, ಕಾಯಿದೆಯಲ್ಲೇ ಇದೆ. ತಮಿಳುನಾಡಿನ 1971ರ ನಗರ ಮತ್ತು ಗ್ರಾಮ ಯೋಜನಾ ಕಾಯಿದೆಯ ಪ್ರಕಾರ ಕರಡು ಸಿದ್ಧವಾದ ಮೇಲೆ ಗೆಜೆಟ್ಟಿನಲ್ಲಿಯೂ ದಿನಪತ್ರಿಕೆಗಳಲ್ಲಿಯೂ ಪ್ರಕಟಣೆ ಹೊರಡಿಸಿ, ನಕ್ಷೆಯನ್ನು ಎಲ್ಲಿ ನೋಡಬಹುದೆಂದು ತಿಳಿಸಿ, ಎರಡು ತಿಂಗಳಿಗೆ ಕಡಿಮೆಯಿಲ್ಲದ ಅವಧಿಯಲ್ಲಿ ಆಕ್ಷೇಪಣೆ ಸಲಹೆಗಳನ್ನು ಬರವಣಿಗೆಯಲ್ಲಿ ಆಹ್ವಾನಿಸಬೇಕು. ಯಾರಿಂದ? ಯಾವುದೇ ವ್ಯಕ್ತಿಯಿಂದ. ಕ್ರಯಪತ್ರ ತೋರಿಸು, ಮತದಾರರ ಚೀಟಿ ತೋರಿಸು ಎಂದು ಕಾಯಿದೆ ಕೇಳುವುದಿಲ್ಲ. ಈ ಮಾತನ್ನು ವಾಚಕರು ಗುರುತಿಟ್ಟುಕೊಳ್ಳಬೇಕು. ಮುಂದೆ ಇದರ ಪ್ರಸ್ತಾಪ ಮತ್ತೆ ಬರುತ್ತದೆ.

ಇದರಲ್ಲಿ ಕೊರತೆ ಏನೆಂದರೆ ಕರಡು ಸಿದ್ಧವಾದ ಮೇಲೆ ಕೇಳುವುದು. ಆ ವೇಳೆಗೆ ಅಧಿಕಾರಿಗಳೂ ತಜ್ಞರೂ ವರ್ಷಗಟ್ಟಲೆ ದುಡಿದಿರುತ್ತಾರೆ, ಗೆರೆ ಗಟ್ಟಿಯಾಗಿರುತ್ತದೆ. ಮೂರನೆಯ ಯೋಜನೆಯ ವಿಷಯದಲ್ಲಿ ಕರಡಿಗೂ ಮೊದಲೇ, 2022–23ರಲ್ಲಿ, ಜನರ ಅಭಿಪ್ರಾಯ ಸಂಗ್ರಹಿಸಲು ಯತ್ನಿಸಿದರು. ಇದು ಒಳ್ಳೆಯ ಹೆಜ್ಜೆಯೆಂದು ಒಪ್ಪಲೇಬೇಕು. ಆದರೆ ಕೇಳುವ ರೀತಿಯೂ ಮುಖ್ಯ. ನಗರದ ವಿಷಯವಾಗಿ ನಡೆದ ಒಂದು ಸಭೆಗೆ ನಾವು ಹೋದದ್ದುಂಟು. ಯಾವ ಕಛೇರಿಯದೆಂಬುದು ಇಲ್ಲಿ ಬೇಡ. ಸಭೆ ಕೆಲಸದ ದಿನ, ಬೆಳಿಗ್ಗೆ ಹನ್ನೊಂದು ಗಂಟೆಗೆ. ಪಿಂಚಣಿದಾರರೂ ನಾವೂ ಇದ್ದೆವು. ಪರದೆಯ ಮೇಲೆ ಚಿತ್ರಗಳು ಓಡಿದುವು. ಪ್ರಶ್ನೆಗೆ ಸಮಯ ಬಂದಾಗ ಕಾಫಿ ಬಂದಿತು. ಕಾಫಿ ಚೆನ್ನಾಗಿತ್ತು.

ಹಿಂದಿನವರು ಇದನ್ನು ಹೇಗೆ ನಡೆಸುತ್ತಿದ್ದರೆಂದು ತಿಳಿಯಬೇಕೆಂದರೆ ಕಾಂಚೀಪುರದ ಆಚೆಯ ಉತ್ತಿರಮೇರೂರಿಗೆ ಒಂದು ಭಾನುವಾರ ಹೋಗಿಬರಬಹುದು. ಪರಾಂತಕ ಚೋಳನ ಕಾಲದಲ್ಲಿ, ಕ್ರಿ.ಶ. 919ರಲ್ಲಿಯೂ 921ರಲ್ಲಿಯೂ, ಅಲ್ಲಿನ ಸಭೆ ಮಾಡಿಕೊಂಡ ಕಟ್ಟಳೆಗಳು ಕಲ್ಲಿನ ಮೇಲಿವೆ. ಊರನ್ನು ಮೂವತ್ತು ವಾರ್ಡುಗಳಾಗಿ ಹಂಚಿ, ಹೆಸರು ಬರೆದ ಓಲೆಗಳನ್ನು ಕೊಡದಲ್ಲಿ ಹಾಕಿ, ಎಳೆಯ ಹುಡುಗನೊಬ್ಬನಿಂದ ಎತ್ತಿಸಿ ಸದಸ್ಯರನ್ನು ಆರಿಸುತ್ತಿದ್ದರು. ಸಮಿತಿಗಳು ಹಲವು: ವರ್ಷದ ಸಮಿತಿ, ತೋಟದ ಸಮಿತಿ, ಮತ್ತು ‘ಏರಿ ವಾರಿಯಂ’ ಎಂಬ ಕೆರೆಯ ಸಮಿತಿ. ಅವಧಿ 360 ದಿನ. ಹಿಂದೆ ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವನಿಗೂ ಅವನ ಹತ್ತಿರದ ನೆಂಟರಿಗೂ ಮತ್ತೆ ಅವಕಾಶವಿಲ್ಲ! ಕೆರೆಯನ್ನು ನೋಡಿಕೊಳ್ಳುವುದಕ್ಕೇ ಬೇರೊಂದು ಚುನಾಯಿತ ಸಮಿತಿ ಸಾವಿರದ ನೂರು ವರ್ಷಗಳ ಹಿಂದೆ ಇದ್ದಿತೆಂದು ಕೇಳಿದಾಗ, ಈಗಿನ ವೇಲಚೇರಿ ಕೆರೆಯ ದಂಡೆಯಲ್ಲಿ ನಿಂತವನಿಗೆ ಏನೆನ್ನಿಸೀತು?

ಶಾಸನವನ್ನು ಪೂರ್ತಿ ಓದಬೇಕು. ಓಲೆಯಲ್ಲಿ ಹೆಸರು ಬರೆಸಿಕೊಳ್ಳಲು ಕಾಲು ವೇಲಿಗೆ ಮೀರಿದ ತೆರಿಗೆಯ ಭೂಮಿ ಇರಬೇಕು, ಸ್ವಂತ ನಿವೇಶನದಲ್ಲಿ ಕಟ್ಟಿದ ಮನೆಯಿರಬೇಕು, ವೇದಶಾಸ್ತ್ರ ಬಲ್ಲವನಾಗಿರಬೇಕು, ವಯಸ್ಸು ಎರಡನೆಯ ಕಟ್ಟಳೆಯಂತೆ 35ಕ್ಕೆ ಮೇಲೆ 70ಕ್ಕೆ ಒಳಗೆ. ಹೆಂಗಸರ ಮಾತೇ ಇಲ್ಲ. ಗದ್ದೆಗೆ ನೀರು ಹಾಯಿಸುವವನ ಹೆಸರಿಲ್ಲ, ತೂಬು ಎತ್ತುವವನ ಹೆಸರಿಲ್ಲ. ಇದನ್ನು ಓದಿ ನಗಬೇಡಿ. ಇಂದಿನ ಅಪಾರ್ಟ್‌ಮೆಂಟುಗಳ ನಿವಾಸಿಗಳ ಸಂಘಗಳಲ್ಲಿ ಮತ ಯಾರಿಗಿದೆಯೆಂದು ವಿಚಾರಿಸಿ. ಬಹಳ ಕಡೆ ಮನೆಯೊಡೆಯನಿಗೆ. ಬಾಡಿಗೆಗಿರುವವನು ಹತ್ತು ವರ್ಷ ಅಲ್ಲೇ ಇದ್ದರೂ, ನಿರ್ವಹಣೆಯ ಹಣ ತಾನೇ ಕಟ್ಟಿದರೂ, ಸಭೆಯಲ್ಲಿ ಹಿಂದಿನ ಕುರ್ಚಿ. ಕಾಲು ವೇಲಿಯ ಕಟ್ಟಳೆ ಇನ್ನೂ ಹೋಗಿಲ್ಲ.

ಗೆರೆ ಎಳೆಯುವ ಮುನ್ನ ಊರಲ್ಲಿ ನಡೆದು ನೋಡಬೇಕೆಂಬ ಮಾತನ್ನು ಈ ನಗರದಲ್ಲಿ ಮೊದಲು ಗಟ್ಟಿಯಾಗಿ ಹೇಳಿದವರಲ್ಲಿ ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡಿಸ್ ಒಬ್ಬರು. ಮೂಲತಃ ಸಸ್ಯಶಾಸ್ತ್ರಜ್ಞರು. ಮದರಾಸಿನ ಗವರ್ನರ್ ಲಾರ್ಡ್ ಪೆಂಟ್ಲೆಂಡರ ಆಹ್ವಾನದ ಮೇಲೆ 1914ರಲ್ಲಿ ಬಂದರು. ಅವರ ನಗರಯೋಜನಾ ಪ್ರದರ್ಶನದ ಚಿತ್ರಪಟಗಳೆಲ್ಲ ಬೇರೆ ಹಡಗಿನಲ್ಲಿ ಬರುತ್ತಿದ್ದುವು. ಆ ಹಡಗನ್ನು, ಮದರಾಸಿನ ಮೇಲೆ ಗುಂಡು ಹಾರಿಸಿ ಹೋಗಿದ್ದ ಅದೇ ‘ಎಂಡೆನ್’, ಸಮುದ್ರದಲ್ಲಿ ಮುಳುಗಿಸಿಬಿಟ್ಟಿತು. ಸ್ನೇಹಿತರು ಮತ್ತೆ ಚಿತ್ರಗಳನ್ನು ಕೂಡಿಸಿ ಕಳಿಸಿ, 1915ರ ಆರಂಭದಲ್ಲಿ ಸೆನೆಟ್ ಹೌಸಿನಲ್ಲಿ ಪ್ರದರ್ಶನ ನಡೆಯಿತು. ಆಮೇಲೆ ಅವರು ದೇಶದ ಎಷ್ಟೋ ಊರುಗಳ ಗಲ್ಲಿಗಳಲ್ಲಿ ಕಾಲ್ನಡೆಯಲ್ಲಿ ಅಲೆದು ವರದಿ ಬರೆದರು. ಹಳೆಯ ಪೇಟೆಯ ನಡುವೆ ಅಗಲ ರಸ್ತೆ ಕೊರೆದು ನೂರಾರು ಮನೆ ಕೆಡವುವ ಪದ್ಧತಿಯನ್ನು ಅವರು ಒಪ್ಪಲಿಲ್ಲ. ಬಿದ್ದುಹೋಗುವಂಥ ಒಂದೆರಡು ಮನೆ ತೆಗೆದು, ಬಾವಿಯ ಕಟ್ಟೆ ಸರಿಮಾಡಿ, ಮರ ನೆಟ್ಟರೆ ಕಡಿಮೆ ಖರ್ಚಿನಲ್ಲಿ ಗಾಳಿ ಬೆಳಕು ಬರುತ್ತದೆಂದು ತೋರಿಸಿದರು.

ಇಂದೂರಿನಲ್ಲಿ ಪ್ಲೇಗು ಹರಡಿದ್ದಾಗ ಅವರು ಮಾಡಿದ ಉಪಾಯ ಕೇಳತಕ್ಕದ್ದು. ಒಂದು ದಿನದ ಮಟ್ಟಿಗೆ ಮಹಾರಾಜರ ಅಧಿಕಾರವನ್ನು ಪಡೆದು, ದೀಪಾವಳಿಗೆ ದೊಡ್ಡ ಮೆರವಣಿಗೆ ಹೊರಡುತ್ತದೆಂದೂ, ಅದು ರೂಢಿಯ ದಾರಿ ಹಿಡಿಯದೆ, ಮನೆಗಳನ್ನು ಹೆಚ್ಚು ಶುಚಿಮಾಡಿ ದುರಸ್ತು ಮಾಡಿಕೊಂಡ ಬೀದಿಗಳಲ್ಲೇ ಹೋಗುತ್ತದೆಂದೂ ಸಾರಿಸಿದರು. ಊರಿಗೆ ಊರೇ ಪೊರಕೆ ಹಿಡಿಯಿತು. ಮೆರವಣಿಗೆಯಲ್ಲಿ ಕೊಳಕಿನ ರಾಕ್ಷಸ, ಪ್ಲೇಗಿನ ಇಲಿ, ಹಿಂದೆ ಝಾಡಮಾಲಿಗಳು ಶುಭ್ರವಾದ ಬಟ್ಟೆ ತೊಟ್ಟು ಗೌರವದಿಂದ ನಡೆದುಬಂದರು; ಮನೆಗೊಂದು ತುಳಸಿ ಗಿಡ. ಜನರಿಂದ ಕೆಲಸವಾಗಬೇಕಾದರೆ ಜನರಿಗೆ ಅರ್ಥವಾಗುವ ಭಾಷೆಯಲ್ಲಿ ಮಾತಾಡಬೇಕೆಂಬುದನ್ನು ಈ ಗಡ್ಡದ ಮುದುಕರು ನಮ್ಮವರಿಗಿಂತ ಚೆನ್ನಾಗಿ ಬಲ್ಲವರಾಗಿದ್ದರು.

ಕೇಳುವುದರಲ್ಲಿಯೂ ಮೇಲುಕೀಳುಂಟು. ಅಮೆರಿಕದ ಶೆರಿ ಆರ್ನ್‌ಸ್ಟೀನ್ ಎಂಬ ಮಹಿಳೆ 1969ರಲ್ಲಿ ಇದನ್ನು ಎಂಟು ಮೆಟ್ಟಿಲಿನ ಏಣಿಯಾಗಿ ವರ್ಣಿಸಿದರು. ಕೆಳಗಿನ ಮೆಟ್ಟಿಲುಗಳಲ್ಲಿ ಜನರನ್ನು ಕೂರಿಸಿ ಒಪ್ಪಿಗೆಯ ನಾಟಕ ಆಡಿಸುವುದು. ನಡುವಿನವುಗಳಲ್ಲಿ ವಿಷಯ ತಿಳಿಸುವುದು, ಅಭಿಪ್ರಾಯ ಕೇಳುವುದು, ಒಬ್ಬಿಬ್ಬರಿಗೆ ಸ್ಥಾನ ಕೊಟ್ಟು ಸಮಾಧಾನಪಡಿಸುವುದು. ಮೇಲಿನವುಗಳಲ್ಲಿ ಜನರೂ ನಿರ್ಣಯದಲ್ಲಿ ಪಾಲುದಾರರು. ನಾವು ಹೋಗಿದ್ದ ಕಾಫಿಯ ಸಭೆ ಎಷ್ಟನೆಯ ಮೆಟ್ಟಿಲೆಂದು ವಾಚಕರೇ ಎಣಿಸಬಹುದು.

ಚೆನ್ನೈಯ ಪೇಟೆಗಳ ಚರಿತ್ರೆಯಲ್ಲಿ ಎಲ್ಲ ಬಗೆಯೂ ಇದೆ. ಕೊತ್ತವಾಲ ಚಾವಡಿಯ ತರಕಾರಿ ಮಂಡಿ 1996ರಲ್ಲಿ ಕೋಯಂಬೇಡಿಗೆ ಹೋಯಿತು; ಬಸ್ ನಿಲ್ದಾಣ ಪಾರಿಮುನೆಯಿಂದ 2002ರಲ್ಲಿ ಅಲ್ಲಿಗೇ ಹೋಗಿ, ದಕ್ಷಿಣದ ಬಸ್ಸುಗಳಿಗೆ 2023ರ ಕೊನೆಯಲ್ಲಿ ಕಿಲಾಂಬಾಕ್ಕಂ ಬಂದಿತು. ಹಳೆಯ ಪೇಟೆಯ ಇಕ್ಕಟ್ಟು ಕಡಿಮೆಯಾದದ್ದು ನಿಜ. ಮೂಟೆ ಹೊರುವವನ, ಇಡ್ಲಿ ಮಾರುವಾಕೆಯ ದುಡಿಮೆ ಎಲ್ಲಿಗೆ ಹೋಯಿತೆಂದು ಯಾವ ಯೋಜನೆಯೂ ಹೇಳುವುದಿಲ್ಲ. (ನಮ್ಮವರಿಗೆ ಇನ್ನೊಂದು ನೆನಪು: 1962ರಲ್ಲಿ ಆರಂಭವಾದ ಡ್ರೈವ್-ಇನ್ ವುಡ್‌ಲ್ಯಾಂಡ್ಸ್ 2008ರಲ್ಲಿ ಮುಚ್ಚಿತು, ಆ ಜಾಗದಲ್ಲಿ 2010ರಲ್ಲಿ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನ. ಉದ್ಯಾನ ಸುಂದರವಾಗಿದೆ. ದೋಸೆಯ ವಿಷಯ ಬೇರೆ.) ತ್ಯಾಗರಾಯನಗರದ ಪಾಂಡಿ ಬಜಾರಿನಲ್ಲಿ ಮಾತ್ರ ಸ್ವಲ್ಪ ಬೇರೆ ಕ್ರಮ ಅನುಸರಿಸಿದರು. ನಡೆಯುವವರಿಗೆಂದು ರಸ್ತೆಯನ್ನು ಬಿಡಿಸುವ ಮುನ್ನ, ಕೆಲವು ದಿನ ವಾಹನ ತಡೆದು ಪ್ರಯೋಗ ನಡೆಸಿ ನೋಡಿದರು. ಅಂಗಡಿಯವರು ಕಾರಿಲ್ಲದೆ ಗಿರಾಕಿ ಬರುವರೇ ಎಂದು ಹೆದರಿದ್ದವರು, ಜನ ಮಕ್ಕಳೊಡನೆ ಬಂದು ಓಡಾಡುವುದನ್ನು ಕಣ್ಣಾರೆ ಕಂಡರು. 2019ರ ನವೆಂಬರಿನಲ್ಲಿ ಅಗಲವಾದ ಕಾಲುದಾರಿ ಸಿದ್ಧವಾಯಿತು. ಆದರೆ ಬೀದಿಬದಿಯ ವ್ಯಾಪಾರಿಗಳನ್ನು ಅದಕ್ಕೂ ಮುಂಚೆ, 2013ರಲ್ಲೇ, ಮಹಡಿ ಕಟ್ಟಡಕ್ಕೆ ಹತ್ತಿಸಿಯಾಗಿತ್ತು. ಅವರ ಸಂಗತಿ ಆ ಪ್ರಯೋಗದಲ್ಲಿ ಸೇರಲಿಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯಿದೆ ಇಂಥವರಿಗಾಗಿಯೇ ಬಂದದ್ದು: ಪಟ್ಟಣ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ ನಲವತ್ತಕ್ಕೆ ಕಡಿಮೆಯಿಲ್ಲದಷ್ಟು ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೆಯ ಒಂದು ಪಾಲು ಹೆಂಗಸರು. ವಿಜಯನಗರದ ಮಲ್ಲಿಗೆ ಹೂವಿನಾಕೆ ಇದನ್ನು ತಿಳಿದಿರಬೇಕಾದದ್ದು ನಮಗಿಂತ ಹೆಚ್ಚು.

ಮೊದಲು ಕೇಳದಿದ್ದರೆ ಜನ ಕೊನೆಗೆ ಹೇಳಿಯೇ ಹೇಳುತ್ತಾರೆ. ಬೆಂಗಳೂರಿನಲ್ಲಿ 2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಸುಮಾರು 6.7 ಕಿಲೋಮೀಟರಿನ ಉಕ್ಕಿನ ಮೇಲ್ಸೇತುವೆ ಕಟ್ಟಲು ನಿಶ್ಚಯಿಸಿದರು. ಎಂಟುನೂರಕ್ಕೂ ಹೆಚ್ಚು ಮರ ಬೀಳಬೇಕಾಗಿತ್ತು. ಅಕ್ಟೋಬರ್ 16ರಂದು ಸಾವಿರಾರು ಜನ ಕೈಕೈ ಹಿಡಿದು ದಾರಿಯುದ್ದಕ್ಕೂ ನಿಂತರು. ಇಂಗ್ಲಿಷಿನವರೂ ಹಿಂದಿಯವರೂ ಹಿಡಿದ ಫಲಕಗಳಲ್ಲಿ ಇದ್ದದ್ದು ‘ಬೇಡ’ ಎಂಬ ನಮ್ಮ ಎರಡಕ್ಷರ. 2017ರ ಮಾರ್ಚಿನಲ್ಲಿ ಸರಕಾರ ಯೋಜನೆಯನ್ನು ಕೈಬಿಟ್ಟಿತು. ಅದೇ ಜನ ನಡುವೆ ‘ಚುಕು ಬುಕು ಬೇಕು’ ಎಂದು ಉಪನಗರ ರೈಲಿಗಾಗಿಯೂ ಕೂಗಿದರೆಂಬುದನ್ನು ನಾವು ಹೆಚ್ಚು ಮೆಚ್ಚುತ್ತೇವೆ. ಬೇಡವೆನ್ನುವುದು ಸುಲಭ, ಬೇಕಾದದ್ದು ಏನೆಂದು ಹೇಳುವುದಕ್ಕೆ ಯೋಚನೆ ಬೇಕು.

ನಮ್ಮ ಇಲ್ಲಿನ ಉದಾಹರಣೆ ಇನ್ನೂ ಹತ್ತಿರದ್ದು. ವೇಲಚೇರಿಯಿಂದ ಸೇಂಟ್ ಥಾಮಸ್ ಮೌಂಟಿಗೆ ಐದು ಕಿಲೋಮೀಟರು ರೈಲು ಮುಂದುವರಿಸುವ ಕೆಲಸ 2008ರಲ್ಲಿ ಶುರುವಾಗಿ, ಆದಂಬಾಕ್ಕಂ ಬಳಿಯ ಸುಮಾರು 500 ಮೀಟರಿನ ಜಮೀನಿನ ವ್ಯಾಜ್ಯದಿಂದ ಹತ್ತು ವರ್ಷಕ್ಕೂ ಮೇಲೆ ನಿಂತಿತು. ಮುಗಿದ ಕಂಬಗಳು ಆಕಾಶ ನೋಡುತ್ತ ನಿಂತಿದ್ದುವು. ಪ್ರಯಾಣಿಕರು ಮೊಕದ್ದಮೆ ಹೂಡಿದವರನ್ನು ಬೈದರು. ಆದರೆ ಮನೆ ಕಳೆದುಕೊಳ್ಳುವವನು, ತನ್ನ ಮನೆಯ ಮೇಲೆ ಗೆರೆ ಬಂದದ್ದನ್ನು ಗೆರೆ ಬಂದಮೇಲೆ ತಿಳಿದರೆ, ನ್ಯಾಯಾಲಯಕ್ಕೆ ಹೋಗದೆ ಇನ್ನೆಲ್ಲಿಗೆ ಹೋಗುತ್ತಾನೆ? ಕಿಚ್ಚೆದ್ದಾಗ ಬಾವಿ ತೋಡುವ ಪದ್ಧತಿಯ ಖರ್ಚು ಇದು.

ಈಗ ನಮಗೆ ದೊರೆತಿರುವ ಬಾಗಿಲುಗಳನ್ನು ನೋಡೋಣ. ಸಂವಿಧಾನದ 74ನೆಯ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದು ದೊಡ್ಡ ನಗರಗಳಲ್ಲಿ ವಾರ್ಡ್ ಸಮಿತಿ ಇರಬೇಕೆಂದಿತು. ತಮಿಳುನಾಡಿನಲ್ಲಿ ವಾರ್ಡಿಗಿಂತ ಚಿಕ್ಕದಾದ ಏರಿಯಾ ಸಭೆಗಳಿಗೆ ನಿಯಮ ಬಂದದ್ದು 2022ರಲ್ಲಿ. ಆ ವರ್ಷದ ನವೆಂಬರ್ 1ರಂದು ಮೊದಲ ಸಭೆಗಳು ನಡೆದುವು. ಅದು ನಮಗೆ ರಾಜ್ಯೋತ್ಸವದ ದಿನ. ಅಂದು ನಮ್ಮ ಸದಸ್ಯರು ಧ್ವಜ, ಭಾಷಣ, ಹೋಳಿಗೆಗಳಲ್ಲಿ ಮುಳುಗಿರುತ್ತಾರೆ. ಏರಿಯಾ ಸಭೆಗೆ ಸೇರತಕ್ಕವರು ಆ ಪ್ರದೇಶದ ಮತದಾರರು. ನಮ್ಮಲ್ಲಿ ಎಷ್ಟೋ ಜನರ ಹೆಸರು ಇನ್ನೂ ಮೈಸೂರಿನ, ಶಿವಮೊಗ್ಗದ, ಉಡುಪಿಯ ಪಟ್ಟಿಯಲ್ಲಿದೆ. ಹದಿನೈದು ಮಳೆಗಾಲ ಇಲ್ಲಿ ಕಳೆದವರು ಇದನ್ನು ಒಮ್ಮೆ ಯೋಚಿಸಬೇಕು. ಹಾಗೆ ಹೆಸರು ಬದಲಾಯಿಸಲು ಮನಸ್ಸಿಲ್ಲದವರಿಗೂ ಮಹಾಯೋಜನೆಯ ಕರಡಿಗೆ ಆಕ್ಷೇಪಣೆ ಬರೆಯುವ ಬಾಗಿಲು ತೆರೆದೇ ಇದೆ. ‘ಯಾವುದೇ ವ್ಯಕ್ತಿ’ ಎಂದು ಮೇಲೆ ಹೇಳಿದ್ದು ಇದಕ್ಕೇ.

ಇನ್ನು ನಮಗೇ ಕಷ್ಟವಾದ ಮಾತು. ಕೆರೆ ಉಳಿಯಬೇಕು, ಹೂಳೆತ್ತಬೇಕು, ಒತ್ತುವರಿ ತೆಗೆಯಬೇಕು ಎಂದು ನಾವೆಲ್ಲ ಒಂದೇ ಕಂಠದಿಂದ ಹೇಳುತ್ತೇವೆ. ಕೆರೆಯಂಚಿನ ಮನೆಗಳಲ್ಲಿರುವವರು ಯಾರು? ನಮ್ಮ ಪಾತ್ರೆ ತೊಳೆಯುವವರು, ಮಕ್ಕಳನ್ನು ಶಾಲೆಗೆ ಬಿಡುವ ಆಟೋದವರು, ನಮ್ಮ ಅಪಾರ್ಟ್‌ಮೆಂಟಿನ ಗೋಡೆ ಕಟ್ಟಿದವರು. ಒಬ್ಬ ಸದಸ್ಯರ ಮನೆಯಲ್ಲಿ ಕೆಲಸ ಮಾಡುವಾಕೆ ಬೆಳಗಿನ ಐದೂವರೆಗೆ ನಡೆದು ಬರುತ್ತಾಳೆ. ಯಾವ ಮೋರಿ ಮೊದಲು ಉಕ್ಕುತ್ತದೆ, ಯಾವ ಮುಚ್ಚಳ ಒಡೆದಿದೆ, ಕೋಡಿಯ ನೀರು ಯಾವ ಗೋಡೆಗೆ ತಡೆದು ಹಿಂದಕ್ಕೆ ತಿರುಗುತ್ತದೆ ಎಂಬುದನ್ನು ಆಕೆ ಹೇಳಿದಷ್ಟು ಖಚಿತವಾಗಿ ನಮ್ಮಲ್ಲಿ ಯಾರೂ ಹೇಳಲಾರರು. ಆ ಗೋಡೆ ಕಾನೂನಿಗೆ ಒಳಪಟ್ಟೇ ಕಟ್ಟಿದ್ದು. ಅದರೊಳಗೆ ನಮ್ಮಂಥವರೇ ಇದ್ದಾರೆ. ಆಕೆಯ ಮನೆ ತೆಗೆಸಿ ಇಪ್ಪತ್ತು ಕಿಲೋಮೀಟರು ಆಚೆಗೆ ಕಳಿಸಿದರೆ ಕೆರೆಗೆ ಒಂದಿಷ್ಟು ನೆಲ ಸಿಕ್ಕೀತು. ಆಕೆಯ ದುಡಿಮೆ ಹೋಗುತ್ತದೆ. ಗೋಡೆ ಹಾಗೇ ಇರುತ್ತದೆ. ಕೆರೆಯೂ ಬೇಕು, ಆಕೆಗೆ ಹತ್ತಿರದಲ್ಲೇ ಸೂರೂ ಬೇಕು ಎಂದರೆ ಇಬ್ಬರೂ ಒಂದೇ ಮೇಜಿನ ಸುತ್ತ ಕುಳಿತುಕೊಳ್ಳಬೇಕಾಗುತ್ತದೆ. ಆ ಮೇಜು ಇನ್ನೂ ಬಂದಿಲ್ಲ. ನಮ್ಮ ಅಭಿಪ್ರಾಯದಲ್ಲಿ ವೇಲಚೇರಿಯ ಯೋಜನೆಯ ಕಷ್ಟವೆಲ್ಲ ಇಲ್ಲೇ ಇದೆ, ಮೇಲ್ಸೇತುವೆಗಳಲ್ಲಿಲ್ಲ.

ಆಕ್ಷೇಪಣೆ ಬರೆಯುವವರಿಗೆ ಒಂದೆರಡು ಸೂಚನೆ. “ನೀರು ನಿಲ್ಲುತ್ತದೆ, ದಯಮಾಡಿ ಕ್ರಮ ಕೈಗೊಳ್ಳಿ” ಎಂದು ಬರೆದರೆ ಅದು ಕಡತಕ್ಕೆ ಹೋಗುತ್ತದೆ. ಬೀದಿಯ ಹೆಸರು, ಸರ್ವೆ ನಂಬರು ಸಿಕ್ಕಿದರೆ ಅದು, ನೀರು ಬಂದ ತಾರೀಖು, ಮೆಟ್ಟಿಲ ಲೆಕ್ಕದಲ್ಲಾದರೂ ಆಳ, ಎಷ್ಟು ದಿನ ನಿಂತಿತು, ಯಾವ ಕಡೆಗೆ ಇಳಿಯಿತು, ಆ ದಾರಿಯಲ್ಲಿ ಈಗ ಏನು ಕಟ್ಟಿದ್ದಾರೆ, ನಕ್ಷೆಯಲ್ಲಿ ಆ ಜಾಗಕ್ಕೆ ಯಾವ ಬಣ್ಣ, ಯಾವ ಬಣ್ಣ ಬೇಕು, ಇಷ್ಟು ಬರೆಯಿರಿ. ತಮಿಳಿನಲ್ಲಿಯಾದರೂ ಸರಿ, ಇಂಗ್ಲಿಷಿನಲ್ಲಿಯಾದರೂ ಸರಿ; ತಮಿಳು ಬರೆಯಲು ಬಾರದ ನಮ್ಮ ಹೆಂಗಸರು ಕನ್ನಡದಲ್ಲಿ ಹೇಳಿದರೆ ಬರೆದುಕೊಡಲು ವಾಚನಾಲಯದಲ್ಲಿ ಇಬ್ಬರು ತರುಣರು ಒಪ್ಪಿದ್ದಾರೆ. ಪ್ರತಿ ಇಟ್ಟುಕೊಂಡು, ತಲುಪಿದ್ದಕ್ಕೆ ರುಜು ಪಡೆಯುವುದನ್ನು ಮರೆಯಬಾರದು.

ವಾಚನಾಲಯದ ದೊಡ್ಡ ಮೇಜಿನ ಮೇಲೆ, ದಿನಪತ್ರಿಕೆಗಳ ಪಕ್ಕದಲ್ಲಿ, ವೇಲಚೇರಿಯ ಬೀದಿಗಳ ನಕ್ಷೆಯೊಂದನ್ನು ಹಾಸಿದ್ದೇವೆ. ಜೊತೆಗೆ ಎರಡು ಪೆನ್ಸಿಲು: ಕೆಂಪು 2015ರ ನೀರಿಗೆ, ನೀಲಿ 2023ರದ್ದಕ್ಕೆ. ಮನೆಯಲ್ಲಿ ಕೆಲಸ ಮಾಡುವವರನ್ನೂ ಕಾವಲುಗಾರರನ್ನೂ ಹೂವಿನವರನ್ನೂ ಕರೆತಂದರೆ ಸಂತೋಷ. ಸಂಜೆ ಆರರಿಂದ ಎಂಟರವರೆಗೆ ಬಾಗಿಲು ತೆರೆದಿರುತ್ತದೆ, ಭಾನುವಾರ ಬೆಳಿಗ್ಗೆಯೂ ಉಂಟು. ಕೆರೆಯಂಚಿನ ಬೀದಿಗಳ ಕಡೆ ನಕ್ಷೆ ಇನ್ನೂ ಬಿಳಿಯಾಗಿಯೇ ಇದೆ.